ವೈರಲ್ ಲೋಡ್ ಚೀಟಿ ಹೃದಯದ ಚೀಟಿಯಲ್ಲ

ಎಚ್‌ಐವಿ ಅಡಗಿಸುವ ಔಷಧಿ ಕೊಡುವ ಎಆರ್‌ಟಿ ಕೇಂದ್ರದಲ್ಲಿ, ಹುಟ್ಟಿನಿಂದಲೇ ಸೋಂಕಿರುವ ಇಪ್ಪತ್ತೈದರ ಹುಡುಗನಿಗೆ ‘ಬಿಪಿ ನೋಡೋಣ, ಕೂತ್ಕೊ’ ಎಂದರೆ ವೈರಲ್ ಲೋಡ್ ರಿಪೋರ್ಟು ಮುಂದೆ ಚಾಚುತ್ತಾನೆ. ‘ಪತ್ತೆಯಾಗಿಲ್ಲ ಅಂತ ಬಂದಿದೆಯಲ್ಲ ಸಾರ್, ಇನ್ನೇನು?’ ಆ ರಿಪೋರ್ಟು ಬರಲು ಅವನು ಪಟ್ಟ ಪಾಡು ದೊಡ್ಡದು, ಅದಕ್ಕೆ ಅವನ ಬೆನ್ನು ತಟ್ಟಲೇಬೇಕು. ಆದರೆ ಅದು ಹೇಳುವುದು ಒಂದೇ ಮಾತು: ಇವತ್ತು ರಕ್ತದಲ್ಲಿ ವೈರಸ್ ಎಷ್ಟಿದೆ. ರಕ್ತನಾಳದ ಒಳಗೋಡೆ ಹೇಗಿದೆ ಎಂದು ಅದಕ್ಕೆ ಗೊತ್ತಿಲ್ಲ.

ನಮ್ಮ ದೇಶದಲ್ಲಿ ಉಚಿತ ಎಆರ್‌ಟಿ ಶುರುವಾದದ್ದು 2004ರ ಏಪ್ರಿಲ್‌ನಲ್ಲಿ. ಮಕ್ಕಳಿಗೆಂದೇ ಕಾರ್ಯಕ್ರಮ ಬಂದದ್ದು 2006ರ ಕೊನೆಗೆ. ಅದಕ್ಕೂ ಮುಂಚೆ ಸೋಂಕಿನೊಂದಿಗೆ ಹುಟ್ಟಿದವರಲ್ಲಿ ಅನೇಕರು ಔಷಧಿಯಿಲ್ಲದೆ ಐದಾರು ವರ್ಷ ಕಳೆದಿದ್ದಾರೆ. ಅಷ್ಟೂ ದಿನ ನಾಳದ ಒಳಪದರ ಉರಿಯೂತದಲ್ಲಿ ಬೆಂದಿದೆ. ಒಲೆ ಆರಿಸಿದ ಮಾತ್ರಕ್ಕೆ ಅಡುಗೆಮನೆ ಗೋಡೆಯ ಮಸಿ ಹೋಗುವುದಿಲ್ಲ. ವೈರಸ್ ಅಡಗಿದ ಮೇಲೂ ಸಣ್ಣ ಪ್ರಮಾಣದ ಉರಿಯೂತ ಉಳಿಯುತ್ತದೆ. ಇದರ ಜೊತೆಗೆ ಹಳೆಯ ಔಷಧಿಗಳ ಲೆಕ್ಕವೂ ಇದೆ. ಸ್ಟಾವುಡಿನ್ ಕೆನ್ನೆ, ಕೈಕಾಲುಗಳ ಕೊಬ್ಬು ಕರಗಿಸಿತು. ಲೋಪಿನಾವಿರ್-ರಿಟೊನಾವಿರ್ ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು ಏರಿಸಿತು. ಈಗಿನ ಡೊಲುಟೆಗ್ರಾವಿರ್ ಒಳ್ಳೆಯ ಔಷಧಿಯೇ, ಕೆಲವರಲ್ಲಿ ತೂಕ ಏರಿಸುತ್ತದೆ ಅಷ್ಟೆ. ಹಾಗಾಗಿ ಹುಡುಗನಿಗೆ ಇಪ್ಪತ್ತೈದಾದರೆ ನಾಳ ಸವೆದದ್ದೂ ಇಪ್ಪತ್ತೈದು ವರ್ಷ. ನಲವತ್ತರಲ್ಲಿ ಸೋಂಕು ತಗುಲಿದವರ ಲೆಕ್ಕ ಇವನಿಗೆ ಹೊಂದುವುದಿಲ್ಲ.

ಹೆದರಿಸಲು ಹೇಳುತ್ತಿಲ್ಲ. ಈ ವಯಸ್ಸಿನಲ್ಲಿ ಹೃದಯಾಘಾತ ಅಪರೂಪವೇ. ತೊಂದರೆಯೆಂದರೆ, ಅಪಾಯ ಅಳೆಯುವ ಚಾರ್ಟುಗಳಲ್ಲಿ ಹೆಚ್ಚಿನವು ನಲವತ್ತರಿಂದ ಶುರುವಾಗುತ್ತವೆ. 2023ರಲ್ಲಿ ಬಂದ ರಿಪ್ರೀವ್ ಅಧ್ಯಯನದಲ್ಲಿ ಎಚ್‌ಐವಿ ಇರುವ 7,769 ಮಂದಿ ಇದ್ದರು, ಕೊಲೆಸ್ಟರಾಲ್ ಇಳಿಸುವ ಸ್ಟಾಟಿನ್ ಮಾತ್ರೆಗಳಲ್ಲಿ ಒಂದಾದ ಪಿಟಾವಾಸ್ಟಾಟಿನ್ ಅನ್ನು ದಿನಕ್ಕೆ 4 ಮಿಲಿಗ್ರಾಂ ಪಡೆದವರಲ್ಲಿ ಹೃದಯದ ದೊಡ್ಡ ತೊಂದರೆಗಳು ಸುಮಾರು 35% ಕಡಿಮೆಯಾದವು. ಆದರೆ ಅವರೆಲ್ಲ 40ರಿಂದ 75ರೊಳಗಿನವರು. ಅದನ್ನು ಓದಿ ಇಪ್ಪತ್ತೈದರವರು ತಾವಾಗಿಯೇ ಸ್ಟಾಟಿನ್ ನುಂಗಬೇಡಿ. ನಿಮಗೆ ಬೇಕಾದ್ದು ಅಳತೆ, ಅದೂ ಸರಿಯಾದ ಅಳತೆ.

ಬಿಪಿಯನ್ನೇ ನೋಡಿ. ಹುಟ್ಟಿನಿಂದ ಸೋಂಕಿರುವ ಅನೇಕರ ಬೆಳವಣಿಗೆ ಕುಂಠಿತ, ತೋಳು ಸಣಕಲು. ದೊಡ್ಡವರ ಪಟ್ಟಿಯನ್ನು ಅಂಥ ತೋಳಿಗೆ ಸುತ್ತಿದರೆ ಬಿಪಿ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ, ‘ನಾರ್ಮಲ್’ ಎಂದು ಬರೆದು ಕಳಿಸುತ್ತಾರೆ. ತೋಳಿನ ಸುತ್ತಳತೆ 22ರಿಂದ 26 ಸೆಂಟಿಮೀಟರ್ ಇದ್ದರೆ ಸಣ್ಣ ಪಟ್ಟಿ ಕೇಳಿ, ಸಂಕೋಚ ಬೇಡ. ಅರ್ಧ ಗಂಟೆ ಮುಂಚಿನಿಂದ ಕಾಫಿ, ಬೀಡಿ, ಗುಟ್ಕಾ ಇಲ್ಲ. ಬೆನ್ನಿಗೆ ಒರಗು ಕೊಟ್ಟು ಐದು ನಿಮಿಷ ಸುಮ್ಮನೆ ಕೂರಬೇಕು, ತೋಳು ಎದೆಯ ಮಟ್ಟಕ್ಕಿರಬೇಕು, ಒಂದು ನಿಮಿಷ ಬಿಟ್ಟು ಎರಡನೆಯ ಸಲ ನೋಡಬೇಕು.

ತೂಕದ ಯಂತ್ರವೂ ದಾರಿ ತಪ್ಪಿಸುತ್ತದೆ. ಕೈಕಾಲು ಕಡ್ಡಿಯಂತಿದ್ದು ಹೊಟ್ಟೆ ಮಾತ್ರ ಮುಂದಿದ್ದರೆ ತೂಕ ಸರಿಯಾಗಿಯೇ ಬರುತ್ತದೆ. ಸೊಂಟಕ್ಕೆ ಟೇಪು ಹಿಡಿಯಿರಿ. ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದು. ಸಕ್ಕರೆಗೆ ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಒಂದನ್ನೇ ನಂಬಬೇಡಿ. ಎಚ್‌ಐವಿ ಇರುವವರಲ್ಲಿ, ಜಿಡೊವುಡಿನ್ ಎಂಬ ಎಚ್‌ಐವಿ ಔಷಧಿ ತೆಗೆದುಕೊಳ್ಳುವವರಲ್ಲಂತೂ, ಅದು ಕಡಿಮೆ ತೋರಿಸಬಹುದು. ಬೆಳಿಗ್ಗೆ ಖಾಲಿ ಹೊಟ್ಟೆಯ ಸಕ್ಕರೆ ನೋಡಿಸಿ. ಅದೇ ರಕ್ತದಲ್ಲಿ ಕೊಲೆಸ್ಟರಾಲ್, ಟ್ರೈಗ್ಲಿಸರೈಡ್ ಕೂಡ ನೋಡಬಹುದು. ಟ್ರೈಗ್ಲಿಸರೈಡ್ 400 ದಾಟಿದ್ದರೆ ಲೆಕ್ಕ ಹಾಕಿ ಕೊಟ್ಟ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟರಾಲ್) ಅಂಕಿಗೆ ಬೆಲೆಯಿಲ್ಲ. ಇನ್ನು ‘ಇಸಿಜಿ ನಾರ್ಮಲ್ ಇದೆ’ ಎನ್ನುವವರಿಗೆ: ನಾಳದಲ್ಲಿ ಕೂತ ಕೊಬ್ಬನ್ನು ಇಸಿಜಿ ತೋರಿಸುವುದಿಲ್ಲ.

ಮೆಟ್ಟಿಲು ಹತ್ತುವಾಗ ಏದುಸಿರು, ಸಂಜೆಗೆ ಪಾದ ಊತ, ಮಲಗಲು ಎರಡು ದಿಂಬು ಬೇಕೆನಿಸುವುದು ಇದ್ದರೆ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಬೇಕು. ಬಾಲ್ಯದಲ್ಲಿ ಟಿಬಿ ಬಂದು ಶ್ವಾಸಕೋಶ ಹಾಳಾದವರಲ್ಲಿ ಏದುಸಿರಿಗೆ ಅದೂ ಕಾರಣವಿರಬಹುದು, ಅದರ ಭಾರ ಹೃದಯದ ಬಲಭಾಗದ ಮೇಲೂ ಬೀಳಬಹುದು. ಎರಡನ್ನೂ ನೋಡಿಸಿ.

ಎಲ್ಲಕ್ಕಿಂತ ಸಂಕಟವಾಗುವುದು ಇನ್ನೊಂದಕ್ಕೆ. ‘ಕೊಲೆಸ್ಟರಾಲ್ ಏರಿದ್ದು ಈ ಮಾತ್ರೆಯಿಂದಲೇ’ ಎಂದು ಯಾರೋ ಅಂದರಂತೆ, ಇವರು ಎರಡು ತಿಂಗಳು ಎಆರ್‌ಟಿ ಬಿಟ್ಟರಂತೆ! ಸಿಡಿ4 ಎಂಬ ರೋಗನಿರೋಧಕ ಕಣಗಳ ಎಣಿಕೆ ಚೆನ್ನಾಗಿದ್ದಾಗ ಔಷಧಿ ನಿಲ್ಲಿಸಿ ನೋಡಿದ ಸ್ಮಾರ್ಟ್ ಅಧ್ಯಯನದ ಫಲಿತಾಂಶ 2006ರಲ್ಲೇ ಬಂದಿದೆ. ನಿಲ್ಲಿಸಿದವರಲ್ಲಿ ಸಾವು, ಹೃದಯದ ತೊಂದರೆ ಎರಡೂ ಹೆಚ್ಚಾಗಿದ್ದವು. ವೈರಸ್ ಮತ್ತೆ ಎದ್ದರೆ ಆರಿಸಿದ ಒಲೆಯನ್ನು ನೀವೇ ಹೊತ್ತಿಸಿದಂತೆ. ಮಾತ್ರೆ ಒಗ್ಗದಿದ್ದರೆ ಬದಲಾಯಿಸುವ ದಾರಿಗಳಿವೆ. ಕೇಳದೆ ಬಿಡಬೇಡಿ.

ಹೃದಯದ ಡಾಕ್ಟರ ಬಳಿ ಎಚ್‌ಐವಿ ಮುಚ್ಚಿಡುವವರಿಗೂ ಒಂದು ಮಾತು. ಮುಚ್ಚಿಡಲು ಕಾರಣಗಳಿವೆ ಎಂದು ಗೊತ್ತು, ಶಾಲೆಯಲ್ಲಿ, ಊರಲ್ಲಿ ನೀವು ಅನುಭವಿಸಿದ್ದು ಕಡಿಮೆಯಲ್ಲ. ಆದರೆ ರಿಟೊನಾವಿರ್ ಇರುವ ಎರಡನೇ ಹಂತದ ಔಷಧಿ ತೆಗೆದುಕೊಳ್ಳುವವರು ಸಿಮ್‌ವಾಸ್ಟಾಟಿನ್ ತೆಗೆದುಕೊಳ್ಳಲೇಬಾರದು. ರಕ್ತದಲ್ಲಿ ಅದರ ಮಟ್ಟ ವಿಪರೀತ ಏರಿ ಸ್ನಾಯು ಕರಗಿ ಮೂತ್ರಪಿಂಡ ಕೆಡಬಹುದು. ಬಿಪಿಗೆ ಕೊಡುವ ಆಮ್ಲೋಡಿಪಿನ್ ಪರಿಣಾಮವೂ ಹೆಚ್ಚಾಗುತ್ತದೆ, ಪ್ರಮಾಣ ಇಳಿಸಬೇಕಾಗಬಹುದು. ಡೊಲುಟೆಗ್ರಾವಿರ್ ಇದ್ದರೆ ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಸಾಮಾನ್ಯವಾಗಿ ದಿನಕ್ಕೆ 1,000 ಮಿಲಿಗ್ರಾಂ ಮೀರಬಾರದು. 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿರುವ ಎಚ್‌ಐವಿ ಕಾಯ್ದೆ ಗುಟ್ಟು ಕಾಯಲು ಆಸ್ಪತ್ರೆಗೂ ಹೊಣೆ ಹೊರಿಸಿದೆ. ಬಾಯಿಬಿಟ್ಟು ಹೇಳಲು ಆಗದಿದ್ದರೆ ಮಾತ್ರೆ ಡಬ್ಬಿಯನ್ನು ಮೇಜಿನ ಮೇಲಿಡಿ, ಹೆಸರು ಓದಿದರೆ ಡಾಕ್ಟರಿಗೆ ತಿಳಿಯುತ್ತದೆ.