ಟರ್ಬೊ ಕಾರಿನ ‘ಪ್ಸ್ಶ್’ ಸದ್ದು, ಸಂಡೂರಿನ ಕೆಂಪು ಧೂಳು

ಸಂಡೂರಿನ ರಸ್ತೆಯಲ್ಲಿ ಅದಿರಿನ ಲಾರಿ ಹಿಂದೆ ಸಿಕ್ಕಿಕೊಂಡರೆ ಗೊತ್ತಲ್ಲ, ಆಕ್ಸಿಲರೇಟರ್ ಒತ್ತುವುದು, ಎದುರಿಗೆ ಇನ್ನೊಂದು ಲಾರಿ ಕಂಡ ಕೂಡಲೇ ಕಾಲು ತೆಗೆಯುವುದು, ಮತ್ತೆ ಒತ್ತುವುದು. ಟರ್ಬೊ ಇರುವ ಪೆಟ್ರೋಲ್ ಕಾರಾದರೆ, ಹೀಗೆ ಕಾಲು ತೆಗೆದಾಗೆಲ್ಲ ಬಾನೆಟ್ ಒಳಗೆ ಒಂದು ಸಣ್ಣ ವಾಲ್ವ್ ತೆರೆದು ಮುಚ್ಚುತ್ತದೆ. ಅದೇ ಬೈಪಾಸ್ ವಾಲ್ವ್. ಅದನ್ನು ಬದಲಿಸಿದರೆ ಬರುವ ‘ಪ್ಸ್ಶ್’ ಸದ್ದಿಗೆ ಮರುಳಾದವರು ಬಳ್ಳಾರಿಯಲ್ಲೂ ಇದ್ದಾರೆ.

ಟರ್ಬೊದಲ್ಲಿ ಒಂದೇ ಶಾಫ್ಟಿಗೆ ಎರಡು ಚಕ್ರ. ಸೈಲೆನ್ಸರ್ ಕಡೆ ಹೋಗುವ ಬಿಸಿ ಹೊಗೆ ಒಂದನ್ನು ತಿರುಗಿಸುತ್ತದೆ, ಇನ್ನೊಂದು ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ಕಾರಿನ ಟರ್ಬೊ ನಿಮಿಷಕ್ಕೆ ಒಂದು ಲಕ್ಷ ಸುತ್ತು ದಾಟುವುದು ಮಾಮೂಲು.

ಕಾಲು ತೆಗೆದರೆ ಥ್ರಾಟಲ್, ಅಂದರೆ ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲು, ಥಟ್ಟನೆ ಮುಚ್ಚುತ್ತದೆ. ಟರ್ಬೊದ ಚಕ್ರ ಮಾತ್ರ ತಕ್ಷಣ ನಿಲ್ಲಲ್ಲ. ಒತ್ತಿದ ಗಾಳಿಗೆ ಮುಂದೆ ದಾರಿಯಿಲ್ಲ, ಅದು ತಿರುಗಿ ಬಂದು ಚಕ್ರದ ರೆಕ್ಕೆಗಳಿಗೇ ಬಡಿಯುತ್ತದೆ. ಇದಕ್ಕೆ ಸರ್ಜ್ ಅಂತಾರೆ. ಬೇರಿಂಗಿಗೆ ಪೆಟ್ಟು, ಚಕ್ರದ ವೇಗವೂ ಕುಸಿಯುತ್ತದೆ. ಬೈಪಾಸ್ ವಾಲ್ವ್ ಆ ಗಾಳಿಯನ್ನು ಮತ್ತೆ ಟರ್ಬೊದ ಬಾಯಿಗೇ ಸುತ್ತು ಹಾಕಿ ಕಳಿಸುತ್ತದೆ.

ಯಾವಾಗ ತೆರೆಯಬೇಕು ಅಂತ ಹಳೇ ನಮೂನೆಯ ವಾಲ್ವಿಗೆ ಒಂದು ತೆಳು ಪೈಪು ತಿಳಿಸುತ್ತದೆ. ಥ್ರಾಟಲ್ ಮುಚ್ಚಿದಾಗ ಅದರಾಚೆ ಎಂಜಿನ್ ಎಳೆಯುವ ವ್ಯಾಕ್ಯೂಮ್ ಈ ಪೈಪಿನ ಮೂಲಕ ವಾಲ್ವಿನೊಳಗಿನ ರಬ್ಬರ್ ಪೊರೆಯನ್ನು (ಡಯಾಫ್ರಮ್) ಮೇಲಕ್ಕೆಳೆದು ವಾಲ್ವ್ ತೆರೆಯುತ್ತದೆ. ಹೊಸ ಕಾರುಗಳಲ್ಲಿ ಆ ಕೆಲಸ ಕಂಪ್ಯೂಟರಿನದು.

ಹಾಗಾದರೆ ದೊಡ್ಡ ವಾಲ್ವ್ ಹಾಕಿಸಿದರೆ ಪಿಕಪ್ ಜಾಸ್ತಿ ಆಗುತ್ತಾ? ಆಗಲ್ಲ. ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಆ ವಾಲ್ವ್ ಮುಚ್ಚಿಕೊಂಡೇ ಇರಬೇಕು. ಮುಚ್ಚಿರುವ ಬಾಗಿಲು ಎಷ್ಟು ಅಗಲವಾದರೇನು? ಹಳೆಯದು ಸೋರುತ್ತಿದ್ದರೆ ಮಾತ್ರ ಹೊಸದು ಹಾಕಿದಾಗ ಸೋರಿಹೋಗುತ್ತಿದ್ದ ಪಿಕಪ್ ವಾಪಸ್ ಬರುತ್ತದೆ.

ಸೋರುವುದಕ್ಕೆ ನಮ್ಮ ಬಿಸಿಲೂ ಕೈ ಜೋಡಿಸುತ್ತದೆ. 40 ಡಿಗ್ರಿಯ ಗಾಳಿಯನ್ನು ಎರಡು ಪಟ್ಟು ಒತ್ತಡಕ್ಕೆ ಏರಿಸಿದರೆ, ಅದನ್ನು ತಣಿಸುವ ಇಂಟರ್‌ಕೂಲರ್ ತಲುಪುವ ಮುಂಚೆ ಅದು 110 ಡಿಗ್ರಿ ಸುಲಭವಾಗಿ ದಾಟುತ್ತದೆ. ಇಂಥ ಶಾಖದಲ್ಲಿ ರಬ್ಬರ್ ಬೇಗ ಸೊರಗುತ್ತದೆ. ವ್ಯಾಕ್ಯೂಮ್ ಪೈಪಿನ ವಾಲ್ವಾದರೆ ಪರೀಕ್ಷೆ ಸುಲಭ. ಎಂಜಿನ್ ತಣ್ಣಗಾದ ಮೇಲೆ ಬಿಚ್ಚಿ, ಒಳಗಿನ ತಟ್ಟೆಯನ್ನು ಬೆರಳಿನಿಂದ ಒತ್ತಿಹಿಡಿದು, ತೆಳು ಪೈಪಿನ ತೂತನ್ನು ಹೆಬ್ಬೆರಳಿಂದ ಮುಚ್ಚಿ. ಈಗ ತಟ್ಟೆ ಬಿಟ್ಟರೆ ಅದು ಅಲ್ಲೇ ನಿಲ್ಲಬೇಕು. ಪಟ್ಟನೆ ವಾಪಸ್ ಹಾರಿದರೆ ಡಯಾಫ್ರಮ್ ಹರಿದಿದೆ. ಆಗ ಬದಲಿಸಿ, ಆದರೆ ಗಾಳಿಯನ್ನು ಒಳಗೇ ಸುತ್ತಿಸುವ ಜಾತಿಯದ್ದನ್ನೇ ಹಾಕಿಸಿ. ಒತ್ತಡ ತಾಳುವ ವಿಷಯದಲ್ಲಿ ಪಿಸ್ಟನ್ ಇರುವ ಲೋಹದ ವಾಲ್ವ್ ಗಟ್ಟಿ.

ಸದ್ದು ಬರುವುದು ಗಾಳಿಯನ್ನು ಹೊರಗೆ ಬಿಡುವ ವಾಲ್ವಿನಿಂದ. ಒಳಬರುವ ಗಾಳಿಯನ್ನು ಅಳೆಯುವ ಏರ್ ಫ್ಲೋ ಸೆನ್ಸರ್ ಇರುವ ಕಾರಿಗೆ ಅದು ಸರಿಹೋಗಲ್ಲ. ಆ ಗಾಳಿಯನ್ನು ಸೆನ್ಸರ್ ಆಗಲೇ ಲೆಕ್ಕಕ್ಕೆ ಹಿಡಿದಿರುತ್ತದೆ, ಕಂಪ್ಯೂಟರ್ ಅದಕ್ಕೆ ತಕ್ಕಷ್ಟು ಪೆಟ್ರೋಲ್ ಚಿಮ್ಮಿಸುತ್ತದೆ, ಗಾಳಿ ನೋಡಿದರೆ ರಸ್ತೆ ಪಾಲು. ಗೇರ್ ಬದಲಿಸುವಾಗ ಜರ್ಕ್, ಕಪ್ಪು ಹೊಗೆ.

ಬಳ್ಳಾರಿಯಲ್ಲಿ ಇನ್ನೂ ಒಂದು ತೊಂದರೆ. ಇಂಥ ವಾಲ್ವಿನ ಸ್ಪ್ರಿಂಗ್ ಸಡಿಲವಾಗಿದ್ದರೆ ಕಾರು ಐಡಲ್‌ನಲ್ಲಿ ನಿಂತಾಗಲೂ ತೆರೆದುಕೊಂಡಿರುತ್ತದೆ. ಆಗ ಏರ್ ಫಿಲ್ಟರ್ ದಾಟದ ಗಾಳಿ ಅಲ್ಲಿಂದ ಒಳಗೆ ನುಗ್ಗಬಹುದು. ರೈಲ್ವೆ ಗೇಟಿನಲ್ಲಿ ಲಾರಿಗಳ ನಡುವೆ ನಿಂತಿದ್ದೀರಿ ಅಂದುಕೊಳ್ಳಿ, ಒಳಗೆ ಹೋಗುವುದು ಅದಿರಿನ ಕೆಂಪು ಧೂಳು. ಚಿನ್ನಕ್ಕೆ ಮೆರುಗು ಕೊಡಲು ಅಕ್ಕಸಾಲಿಗರು ಬಳಸುವ ಕೆಂಪು ಪುಡಿಯೂ ಕಬ್ಬಿಣದ ಆಕ್ಸೈಡೇ. ಸಿಲಿಂಡರಿಗೆ ಅಂಥ ಮೆರುಗು ಬೇಡ ಅಲ್ವಾ? ಸ್ಪ್ರಿಂಗ್ ತೀರಾ ಬಿಗಿಯಾದರೆ ವಾಲ್ವ್ ತೆರೆಯುವುದೇ ಇಲ್ಲ, ಮತ್ತೆ ಸರ್ಜ್.

ಡೀಸೆಲ್ ಕಾರಿನವರು ಇದಕ್ಕೆ ಸುಮ್ನೆ ದುಡ್ಡು ಹಾಕಬೇಡಿ. ಡೀಸೆಲ್ಲಿನಲ್ಲಿ ವೇಗ ಹತೋಟಿಯಾಗುವುದು ಎಣ್ಣೆಯ ಪ್ರಮಾಣದಿಂದ. ಕಾಲು ತೆಗೆದಾಗ ಗಾಳಿಯ ದಾರಿ ಪೆಟ್ರೋಲ್ ಎಂಜಿನ್ನಿನ ಹಾಗೆ ಮುಚ್ಚಿಕೊಳ್ಳುವುದಿಲ್ಲ. ಅವುಗಳಿಗೆಂದು ಮಾರುವ ಕಿಟ್ಟುಗಳು ಸದ್ದಿಗಷ್ಟೇ.