ಹಾಜರಿ ಪಟ್ಟಿಯಿಂದ ಹುಟ್ಟಿದ ಸೈನ್ಯ

1774ರ ಸೆಪ್ಟೆಂಬರ್ 6ರಂದು ಅಮೆರಿಕದಲ್ಲಿ ಬ್ರಿಟಿಷರ ಮ್ಯಾಸಚೂಸೆಟ್ಸ್ ವಸಾಹತಿನ ವುಸ್ಟರ್ ಊರಿನ ಮುಖ್ಯ ಬೀದಿಯ ಎರಡೂ ಬದಿಗೆ 4,622 ಜನ ಸಾಲುಗಟ್ಟಿ ನಿಂತಿದ್ದರು. ಎಲ್ಲರೂ ಸುತ್ತಲಿನ 37 ಊರುಗಳ ಮಿಲಿಷಿಯಾ, ಅಂದರೆ ಊರಿನ ಗಂಡಸರೇ ಸೇರಿದ ದಳದವರು. ಅಂದು ರಾಜನ ಕೋರ್ಟು ತೆರೆಯಬೇಕಿತ್ತು, ತೆರೆಯಲು ಅವರು ಬಿಡಲಿಲ್ಲ. ನ್ಯಾಯಾಧೀಶರೂ ಸೇರಿ ಇಪ್ಪತ್ತೈದು ಮಂದಿ ಅಧಿಕಾರಿಗಳು ಟೋಪಿ ತೆಗೆದು ಕೈಲಿ ಹಿಡಿದು ಆ ಸಾಲುಗಳ ನಡುವೆ ನಡೆದರು. ಎಲ್ಲ ದಳಗಳಿಗೂ ಕೇಳಬೇಕಲ್ಲ, ಅದಕ್ಕೆ ತಮ್ಮ ರಾಜೀನಾಮೆಯನ್ನು ಅಲ್ಲಲ್ಲಿ ನಿಂತು ಮೂವತ್ತಕ್ಕೂ ಹೆಚ್ಚು ಸಲ ಓದಿ ಹೇಳಬೇಕಾಯಿತು. ಒಂದು ಗುಂಡೂ ಹಾರಲಿಲ್ಲ.

ಜನ ಗುಂಪುಗೂಡಿದಾಗ ಸಾಮಾನ್ಯವಾಗಿ ಯಾರೂ ತಲೆ ಎಣಿಸುವುದಿಲ್ಲ, ‘ಸಾವಿರಾರು ಮಂದಿ’ ಎಂದುಬಿಡುತ್ತಾರೆ. ಇಲ್ಲಿ ಯಾವ ಊರಿನಿಂದ ಎಷ್ಟು ಜನ ಎಂದು ಎಣಿಸಿ ಬರೆದಿಟ್ಟವರಿದ್ದರು. ಅಮೆರಿಕದ ಸ್ವಾತಂತ್ರ್ಯ ಯುದ್ಧ ಎಂದೊಡನೆ ನೇಗಿಲು ಬಿಟ್ಟು ಕೋವಿ ಹಿಡಿದು ಓಡಿಬಂದ ರೈತನ ಚಿತ್ರ ಕಣ್ಣಿಗೆ ಬರುತ್ತದೆ. ಅದು ಸುಳ್ಳೇನಲ್ಲ. ಆದರೆ ಅದರಲ್ಲಿ ಹಾಜರಿ ಪಟ್ಟಿ, ಊರಸಭೆಯ ನಡಾವಳಿ, ಕಂದಾಯದ ಲೆಕ್ಕ ಇವು ಕಾಣುವುದಿಲ್ಲ. ಆ ರೈತರನ್ನು ಸೈನ್ಯವಾಗಿಸಿದ್ದು ಈ ಕಾಗದಪತ್ರಗಳೇ.

ಮ್ಯಾಸಚೂಸೆಟ್ಸ್ ತನ್ನ ಊರ ದಳಗಳನ್ನು ಮೂರು ರೆಜಿಮೆಂಟುಗಳಾಗಿ ಕಟ್ಟಿದ್ದು 1636ರಷ್ಟು ಹಿಂದೆ. 16ರಿಂದ 60 ವರ್ಷದೊಳಗಿನ ಗಂಡಸರಿಗೆ ಕವಾಯತು ಕಡ್ಡಾಯ. ಪಾದ್ರಿಗಳು, ನ್ಯಾಯಾಧಿಕಾರಿಗಳು, ಹಾರ್ವರ್ಡ್ ಕಾಲೇಜಿನವರು ಮುಂತಾದವರಿಗೆ ವಿನಾಯಿತಿ ಇತ್ತು, ಆದರೆ ಊರಿಗೇ ಅಪಾಯ ಬಂದರೆ ಅಂಥವರನ್ನೂ ವಯಸ್ಸಾದವರನ್ನೂ ಕರೆಯಲು ಇನ್ನೊಂದು ಪಟ್ಟಿ ಇರುತ್ತಿತ್ತು. ಒಬ್ಬೊಬ್ಬನ ಬಳಿ ಏನೇನಿರಬೇಕು ಎಂಬುದನ್ನು 1693ರ ಕಾನೂನು ಬಿಡಿಬಿಡಿಯಾಗಿ ಹೇಳಿತ್ತು: ಮೂರೂವರೆ ಅಡಿಗೆ ಕಡಿಮೆಯಿಲ್ಲದ ನಳಿಗೆಯ ಕೋವಿ, ಬೆನ್ನಚೀಲ, ತೋಟಾ ಪೆಟ್ಟಿಗೆ, ಒಂದು ಪೌಂಡು ಮದ್ದು, ಅವನವನ ಕೋವಿಗೆ ಹೊಂದುವ 20 ಗುಂಡು, 12 ಚಕಮಕಿ ಕಲ್ಲು, ಒಂದು ಕತ್ತಿ, ನಳಿಗೆಯೊಳಗೆ ಸಿಕ್ಕಿದ್ದನ್ನು ಕೀಳುವ ಸುರುಳಿ ಕೊಕ್ಕೆ, ಮದ್ದಿನ ತೂತು ಚುಚ್ಚುವ ತಂತಿ. ಖರ್ಚು ಅವನದೇ, ತೀರ ಬಡವನಾದರೆ ಊರು ಕೊಡಿಸಬೇಕು. ಇಲ್ಲದಿದ್ದರೆ ದಂಡ. ಮೈಸೂರು ಸಂಸ್ಥಾನದ ಕಂದಾಚಾರದ (ಸ್ಥಳೀಯ ಕಾಲಾಳು ಪಡೆಯ) ಆಳುಗಳಿಗಿದ್ದಂಥ ಸಂಬಳ, ಜಮೀನು ಇವರಿಗಿರಲಿಲ್ಲ.

ಇಷ್ಟೆಲ್ಲ ಇದ್ದೂ ಒಂದು ತೊಡಕಿತ್ತು. ದಳದ ಅಧಿಕಾರಿಗಳಿಗೆ ಸನ್ನದು ಕೊಡುತ್ತಿದ್ದವನು ಗವರ್ನರ್. 1774ರಲ್ಲಿ ಆ ಕುರ್ಚಿಯಲ್ಲಿದ್ದವನು ಜನರಲ್ ಥಾಮಸ್ ಗೇಜ್. ಉತ್ತರ ಅಮೆರಿಕದ ಬ್ರಿಟಿಷ್ ಸೇನೆಯ ಮುಖ್ಯಸ್ಥನೂ ಅವನೇ. ಆ ಸೆಪ್ಟೆಂಬರ್ 1ರ ಬೆಳಗ್ಗೆ ಅವನ ಸೈನಿಕರು ಬಾಸ್ಟನ್ ಸಮೀಪದ ಮದ್ದಿನ ಮನೆಯಿಂದ 250 ಅರೆಪೀಪಾಯಿ ಮದ್ದು ಸಾಗಿಸಿಬಿಟ್ಟರು. ಸುದ್ದಿ ಊರಿಂದ ಊರಿಗೆ ಹೋಗುತ್ತ ಬೆಳೆಯಿತು: ಗುಂಡು ಹಾರಿದೆಯಂತೆ, ಜನ ಸತ್ತರಂತೆ, ಹಡಗುಗಳು ಬಾಸ್ಟನ್ ಮೇಲೆ ಬೆಂಕಿ ಸುರಿಯುತ್ತಿವೆಯಂತೆ. ಸಾವಿರಾರು ಜನ ಬಾಸ್ಟನ್ ಪಕ್ಕದ ಕೇಂಬ್ರಿಡ್ಜ್ ಕಡೆ ಹೊರಟರು. ಎಲ್ಲ ಸುಳ್ಳೆಂದು ಗೊತ್ತಾದದ್ದು ಆಮೇಲೆ. ಕರೆದರೆ ಜನ ಬರುತ್ತಾರೆ ಎಂಬುದೇನೋ ಖಚಿತವಾಯಿತು. ಆದರೆ ಕರೆಯಬೇಕಾದವರು ಯಾರು, ಬಂದವರನ್ನು ನಡೆಸುವವರು ಯಾರು ಎಂಬುದಕ್ಕೆ ಉತ್ತರವಿರಲಿಲ್ಲ.

ಅದೇ ತಿಂಗಳು ವುಸ್ಟರ್ ಜಿಲ್ಲೆಯ ಸಭೆ ಉತ್ತರ ಹುಡುಕಿತು. ಇದ್ದ ಅಧಿಕಾರಿಗಳೆಲ್ಲ ರಾಜೀನಾಮೆ ಕೊಡಬೇಕು; ಊರಿನವರು ಹೊಸಬರನ್ನು ಆರಿಸಬೇಕು; ಮೂರರಲ್ಲಿ ಒಂದು ಪಾಲು ಜನ ಕರೆ ಬಂದ ಕ್ಷಣವೇ ಹೊರಡಲು ಸಿದ್ಧರಿರಬೇಕು. ಮಿನಿಟ್‌ಮೆನ್ ಎಂದು ಹೆಸರಾದವರು ಇವರೇ. ಅಕ್ಟೋಬರ್ 26ರಂದು ಊರುಗಳ ಪ್ರತಿನಿಧಿಗಳು ಸೇರಿದ ವಸಾಹತಿನ ಪ್ರಾಂತೀಯ ಕಾಂಗ್ರೆಸ್ ಇದನ್ನು ಎಲ್ಲ ಊರಿಗೂ ಹರಡಿತು, ಪಾಲನ್ನು ಮಾತ್ರ ನಾಲ್ಕರಲ್ಲಿ ಒಂದಕ್ಕೆ ಇಳಿಸಿತು. ಕನಿಷ್ಠ 50 ಆಳುಗಳಿಗೆ ಒಂದು ದಳ. ದಳದವರೇ ಆರಿಸಿದ ಒಬ್ಬ ಕ್ಯಾಪ್ಟನ್, ಇಬ್ಬರು ಲೆಫ್ಟಿನೆಂಟರು. ಒಂಬತ್ತು ದಳಕ್ಕೆ ಒಂದು ಬೆಟಾಲಿಯನ್. ಅದರ ಮೇಲಧಿಕಾರಿಗಳನ್ನು ದಳದ ಅಧಿಕಾರಿಗಳು ಆರಿಸುವುದು. ಎಲ್ಲರನ್ನೂ ಕರೆಸುವ ಅಧಿಕಾರ ಒಂಬತ್ತು ಜನರ ಸುರಕ್ಷಾ ಸಮಿತಿಯದು.

ಸಿಪಾಯಿಗಳೇ ಕ್ಯಾಪ್ಟನ್ನನ್ನು ಆರಿಸುವುದು ಯಾವ ದಂಡಿಗೂ ಒಗ್ಗದ ಪದ್ಧತಿ ಎನಿಸಬಹುದು. ಬಿಗಿ ಮಾಡಿದರೆ ಮುಂದಿನ ಸಲ ಓಟು ಬೀಳುವುದಿಲ್ಲ ಎಂಬ ಅಳುಕು ಇದ್ದೇ ಇರುತ್ತದೆ. ಆದರೆ ಆ ಚಳಿಗಾಲದಲ್ಲಿ ಮೊದಲು ಬೇಕಾಗಿದ್ದದ್ದು ಗವರ್ನರನ ಸನ್ನದಿಗೆ ಜೋತುಬೀಳದ ಅಧಿಕಾರಿಗಳು. ಒಂದು ಕೈ ಎತ್ತಿಸುವ ಮತದಾನದಲ್ಲಿ ರಾಜನ ಕಡೆಯವರು ಪಟ್ಟಿಯ ತಲೆಯಿಂದ ಉದುರಿಹೋದರು. ಆಯ್ಕೆಯಾದವರಲ್ಲಿ ಹಲವರು ಹಿಂದೆ ಫ್ರೆಂಚರ ಮೇಲಿನ ಯುದ್ಧದಲ್ಲಿ ಇದೇ ಬ್ರಿಟಿಷರ ಜತೆ ಕಾದಿದ್ದವರು. ಕವಾಯತಿಗೆ ಕಾಂಗ್ರೆಸ್ ಶಿಫಾರಸು ಮಾಡಿದ ಕೈಪಿಡಿಯೂ ರಾಜನ ಸೇನೆಯ 1764ರ ಕೈಪಿಡಿಯೇ.

ಹಣ? ಊರುಗಳು ಕಂದಾಯವನ್ನು ರಾಜನ ಖಜಾಂಚಿಗೆ ಕಟ್ಟದೆ ಸ್ಟೋ ಊರಿನ ಹೆನ್ರಿ ಗಾರ್ಡ್ನರ್ ಎಂಬವನಿಗೆ ಕಟ್ಟಬೇಕೆಂದು ಕಾಂಗ್ರೆಸ್ ಹೇಳಿತು. ಖರೀದಿ ಪಟ್ಟಿಯಲ್ಲಿ 5,000 ಕೋವಿ ಮತ್ತು ಬಯೊನೆಟ್ (ಕೋವಿಯ ತುದಿಗೆ ಸಿಕ್ಕಿಸುವ ಅಲಗು), 1,000 ಪೀಪಾಯಿ ಮದ್ದು, 75,000 ಚಕಮಕಿ ಕಲ್ಲು ಇದ್ದವು. ಕೋವಿಯೊಂದಕ್ಕೆ ಹದಿನೈದು ಕಲ್ಲು! ಕೋವಿಯ ಕೆಲಸ ಬಲ್ಲವರು ಬರೆದ ಪಟ್ಟಿ ಎನ್ನಲು ಇದೊಂದು ಸಾಕು.

ಆ ಕೋವಿಯ ಕೆಲಸ ಹೀಗೆ. ಕಾಗದದ ತೋಟಾವನ್ನು ಹಲ್ಲಿನಿಂದ ಹರಿಯಬೇಕು. ಚಿಟಿಕೆ ಮದ್ದನ್ನು ಪಕ್ಕದ ಬಟ್ಟಲಿಗೆ ಹಾಕಿ ಮುಚ್ಚಳ ಮುಚ್ಚಬೇಕು. ಉಳಿದ ಮದ್ದನ್ನು ನಳಿಗೆಗೆ ಸುರಿದು, ಗುಂಡನ್ನೂ ಕಾಗದವನ್ನೂ ತುರುಕಿ, ಗಜದಿಂದ, ಅಂದರೆ ಕೋವಿಯ ಉದ್ದ ಕೋಲಿನಿಂದ, ಜಡಿಯಬೇಕು. ಕಲ್ಲು ಕಚ್ಚಿದ ಕೊಕ್ಕನ್ನು ಪೂರ್ತಿ ಹಿಂದಕ್ಕೆಳೆದು ಕುದುರೆ (ಟ್ರಿಗರ್) ಒತ್ತಿದರೆ ಕಲ್ಲು ಉಕ್ಕಿಗೆ ಉಜ್ಜಿ ಕಿಡಿ ಬಟ್ಟಲಿಗೆ ಬೀಳುತ್ತದೆ, ಅಲ್ಲಿಂದ ಬೆಂಕಿ ಸಣ್ಣ ತೂತಿನ ಮೂಲಕ ಒಳಗೆ ಹೋಗುತ್ತದೆ. ಪಳಗಿದವನು ನಿಮಿಷಕ್ಕೆ ಮೂರು ಸಲ ಹೊಡೆದಾನು. ಕೆಡುವುದಕ್ಕೆ ನೂರು ದಾರಿ: ಕಲ್ಲಿನ ಅಂಚು ಸವೆದರೆ ಕಿಡಿಯಿಲ್ಲ, ತೂತು ಮಸಿ ಕಟ್ಟಿದರೆ ಬಟ್ಟಲಿನ ಮದ್ದು ಮಾತ್ರ ಭುಸ್ಸೆಂದು ಉರಿದು ಗುಂಡು ಒಳಗೇ ಉಳಿಯುತ್ತದೆ (ಆ ತಂತಿ ಇದಕ್ಕೇ), ಮಳೆ ಬಂದರೆ ಎಲ್ಲವೂ ನಿಂತಂತೆ. ಗಡಿಬಿಡಿಯಲ್ಲಿ ಗಜವನ್ನು ನಳಿಗೆಯಲ್ಲೇ ಬಿಟ್ಟು ಹೊಡೆದರೆ ಅದೂ ಗುಂಡಿನ ಜತೆ ಹೋಯಿತು, ಆಮೇಲೆ ಕೋವಿ ಬರೀ ದೊಣ್ಣೆ.

ಬ್ರಿಟಿಷ್ ಸೈನಿಕರಿಗೆ ಒಂದೇ ಅಳತೆಯ ಕೋವಿ. ಊರ ದಳದಲ್ಲಿ ಮನೆಗೊಂದು ಬಗೆ. ಒಬ್ಬನದು ಬಾತುಕೋಳಿ ಹೊಡೆಯುವ ಉದ್ದ ಕೋವಿ, ಇನ್ನೊಬ್ಬನದು ಹಳೆಯ ಯುದ್ಧದಿಂದ ಉಳಿದದ್ದು. ಹಾಗಾಗಿ ಎಲ್ಲರಿಗೂ ಒಂದೇ ತೋಟಾ ಹಂಚುವಂತಿಲ್ಲ, ಪ್ರತಿಯೊಬ್ಬನೂ ತನ್ನ ಅಚ್ಚಿನಲ್ಲಿ ಸೀಸ ಕರಗಿಸಿ ಗುಂಡು ಎರಕ ಹೊಯ್ಯಬೇಕು. ಬೇಟೆಯ ಕೋವಿಗೆ ಬಯೊನೆಟ್ ಕೂರುವುದೂ ಇಲ್ಲ. ಆಕ್ಟನ್ ಊರಿನ ದಳ ಇದಕ್ಕೆ ಹೊರತಾಗಿತ್ತು. ಅದರ ಕ್ಯಾಪ್ಟನ್ ಐಸಾಕ್ ಡೇವಿಸ್ ಕೋವಿ ಮಾಡುವ ಕಸುಬಿನವನು. ತನ್ನ ಆಳುಗಳಿಗೆ ಬಯೊನೆಟ್, ತೋಟಾ ಪೆಟ್ಟಿಗೆ ಒದಗಿಸಿ, ವಾರಕ್ಕೆರಡು ಸಲ ಮನೆಯ ಹಿಂದೆ ಗುರಿ ಹೊಡೆಸುತ್ತಿದ್ದ. ಯುದ್ಧ ಶುರುವಾದ ದಿನ ಕಾಂಕರ್ಡ್ ಊರಿನ ಉತ್ತರ ಸೇತುವೆಯಲ್ಲಿ ಆ ದಳವೇ ಮುಂದಾಯಿತು. ಮೊದಲ ಗುಂಡುಗಳಿಗೆ ಬಿದ್ದವರಲ್ಲಿ ಡೇವಿಸ್ ಒಬ್ಬ.

ಮದ್ದಿನ ಕತೆ ಬೇರೆ. ನಾಲ್ಕರಲ್ಲಿ ಮೂರು ಪಾಲು ಪೆಟ್ಲುಪ್ಪು, ಉಳಿದದ್ದು ಇದ್ದಿಲು ಮತ್ತು ಗಂಧಕ. ಬ್ರಿಟನ್ನಿಗೆ ಪೆಟ್ಲುಪ್ಪು ಬರುತ್ತಿದ್ದದ್ದು ಹೆಚ್ಚಾಗಿ ಬಿಹಾರದ ಪಟ್ನಾ ಸೀಮೆಯಿಂದ, ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ. 1774ರ ಅಕ್ಟೋಬರಿನಲ್ಲಿ ರಾಜ ಅಮೆರಿಕಕ್ಕೆ ಮದ್ದು, ಆಯುಧ ಸಾಗಿಸುವುದನ್ನು ನಿಷೇಧಿಸಿದ. ವಸಾಹತಿನಲ್ಲಿ ಸ್ವಂತ ತಯಾರಿಕೆ ಹೆಸರಿಗಷ್ಟೇ ಇತ್ತು. ಮರುವರ್ಷ ಆಗಸ್ಟಿನಲ್ಲಿ ವಸಾಹತುಗಳ ಸೇನೆಯ ಮುಖ್ಯಸ್ಥ ಜಾರ್ಜ್ ವಾಷಿಂಗ್ಟನ್ ಮದ್ದಿನ ದಾಸ್ತಾನು ನೋಡಹೊರಟಾಗ ಇದು ಬಯಲಾಯಿತು. ಮುನ್ನೂರಕ್ಕೂ ಹೆಚ್ಚು ಪೀಪಾಯಿ ಇದೆ ಎಂದು ನಂಬಿದ್ದ; ಇದ್ದದ್ದು ಸುಮಾರು 36. ಮೊದಲಿನಿಂದ ಬಂದದ್ದನ್ನೆಲ್ಲ ಕೂಡಿದ್ದರು, ಖರ್ಚಾದದ್ದನ್ನು ಕಳೆದಿರಲಿಲ್ಲ. ತಲೆಗೆ ಒಂಬತ್ತು ತೋಟಾ!

ಇನ್ನು 1775ರ ಏಪ್ರಿಲ್ 19. ಕಾಂಕರ್ಡ್‌ನಲ್ಲಿದ್ದ ದಾಸ್ತಾನು ಹಿಡಿಯಲು ಬಾಸ್ಟನ್ನಿನಿಂದ ಸುಮಾರು 700 ಸೈನಿಕರು ರಾತ್ರಿ ಹೊರಟರು. ಅವರಿಗಿಂತ ಮುಂಚೆ ಸುದ್ದಿ ಹೊರಟಿತ್ತು. ಬಾಸ್ಟನ್ನಿನ ಪಾಲ್ ರಿವಿಯರ್ ಒಬ್ಬನೇ ಕುದುರೆ ಓಡಿಸಿ ಎಲ್ಲರಿಗೂ ಸುದ್ದಿ ಮುಟ್ಟಿಸಿದ ಎಂಬುದು ಕಾವ್ಯಕ್ಕೆ ಸರಿ. ನಿಜವಾಗಿ ಒಂದು ಊರಿನ ಸವಾರ ಮುಂದಿನ ಊರಿನ ಕ್ಯಾಪ್ಟನ್ನನ್ನು ಎಬ್ಬಿಸಿದರೆ, ಅಲ್ಲಿಂದ ಹೊಸ ಸವಾರರು ಕವಲೊಡೆದು ಹೋಗುತ್ತಿದ್ದರು. ಚರ್ಚಿನ ಗಂಟೆ, ನಗಾರಿ, ಗುಂಡಿನ ಸದ್ದು ಉಳಿದವರಿಗೆ ಸಾಕು. ಸೆಪ್ಟೆಂಬರಿನ ಗಾಳಿಸುದ್ದಿಗೂ ಇದಕ್ಕೂ ಇದ್ದ ವ್ಯತ್ಯಾಸ ಇದೇ: ಸುದ್ದಿ ಯಾರಿಂದ ಯಾರಿಗೆ ಹೋಗಬೇಕೆಂದು ಮೊದಲೇ ಗೊತ್ತುಮಾಡಿದ್ದರು.

ಕಾಂಕರ್ಡ್ ದಾರಿಯ ಲೆಕ್ಸಿಂಗ್ಟನ್ ಊರಿನ ಮೈದಾನದಲ್ಲಿ ನಿಂತ ಎಪ್ಪತ್ತೇಳು ಮಂದಿ ಮಿನಿಟ್‌ಮೆನ್ ಆಗಿರಲಿಲ್ಲ. ಕ್ಯಾಪ್ಟನ್ ಜಾನ್ ಪಾರ್ಕರ್‌ನ ಹಿಂದಿದ್ದದ್ದು ಊರಿನ ಮಾಮೂಲಿ ದಳ. ನಡುರಾತ್ರಿ ಸೇರಿ, ಕಾದು, ಯಾರೂ ಬಾರದ್ದರಿಂದ ಚದುರಿ, ಬೆಳಗಿನ ಜಾವ ನಗಾರಿ ಕೇಳಿ ಮತ್ತೆ ಸೇರಿದವರು. ಎಂಟು ಜನ ಸತ್ತರು, ಹತ್ತು ಜನ ಗಾಯಗೊಂಡರು. ಗಾಯಾಳುಗಳಲ್ಲಿ ಪ್ರಿನ್ಸ್ ಎಸ್ಟಬ್ರೂಕ್ ಎಂಬ ಕಪ್ಪು ಗುಲಾಮನೂ ಇದ್ದ. ಕಾನೂನು ಅಂಥವರನ್ನು ಕವಾಯತಿನಿಂದ ಹೊರಗಿಟ್ಟಿತ್ತು.

ಕಾಂಕರ್ಡ್‌ನಿಂದ ಹಿಂದಿರುಗುವಾಗ ಸೈನಿಕರಿಗೆ ಪೆಟ್ಟು ಬಿತ್ತು. ತಲಾ 36 ತೋಟಾ ಹೊತ್ತು ಬಂದಿದ್ದವರ ಪೆಟ್ಟಿಗೆ ಅರ್ಧ ದಾರಿಯಲ್ಲೇ ಬರಿದಾಗತೊಡಗಿತ್ತು, ಇತ್ತ ಗಂಟೆಗಂಟೆಗೂ ಹೊಸ ಊರಿನ ದಳ ಬಂದು ರಸ್ತೆ ಬದಿಗೆ ಸೇರುತ್ತಿತ್ತು. ಬ್ರಿಟಿಷರಲ್ಲಿ 73 ಸಾವು, 174 ಗಾಯ. ಊರವರಲ್ಲಿ 49 ಸಾವು. ಊರವರು ಹೆಚ್ಚಾಗಿ ಸತ್ತದ್ದು ರಸ್ತೆಯನ್ನಷ್ಟೇ ನೋಡುತ್ತ ಬೆನ್ನು ಮರೆತಾಗ. ದಂಡಿನ ಪಕ್ಕಕ್ಕೆ ಹೊಲಗಳಲ್ಲಿ ನಡೆದುಬರುತ್ತಿದ್ದ ಕಾವಲು ತುಕಡಿಗಳು ಅಂಥವರನ್ನು ಹಿಂದಿನಿಂದ ಹಿಡಿದವು. ಆ ದಾರಿಯ ಮೆನೊಟೊಮಿ ಊರಿನ ಜೇಸನ್ ರಸೆಲ್ ಎಂಬವನ ಮನೆಯಲ್ಲೇ ಅವನೂ ಸೇರಿ ಹನ್ನೆರಡು ಜನ ಸತ್ತರು.

ಮರುದಿನದ ಹೊತ್ತಿಗೆ ಬಾಸ್ಟನ್ ಸುತ್ತ ಸಾವಿರಾರು ಜನ ಸೇರಿದ್ದರು, ಕೆಲವೇ ದಿನಗಳಲ್ಲಿ ಕರಗತೊಡಗಿದರು. ಹೇಡಿತನದಿಂದಲ್ಲ. ಚೀಲದ ರೊಟ್ಟಿ ಮುಗಿದಿತ್ತು, ಬಟ್ಟೆ ಬದಲಿಸಿರಲಿಲ್ಲ, ಬಿತ್ತನೆಯ ಕಾಲ ಬೇರೆ. ಈ ವ್ಯವಸ್ಥೆ ಇದ್ದದ್ದೇ ಒಂದೆರಡು ದಿನದ ಕೆಲಸಕ್ಕೆ. ಪ್ರಾಂತೀಯ ಕಾಂಗ್ರೆಸ್ ಏಪ್ರಿಲ್ 23ರಂದೇ ವರ್ಷದ ಕೊನೆಯವರೆಗೆ ಇರುವ 13,600 ಜನರ ಸೈನ್ಯ ಕಟ್ಟಲು ನಿರ್ಧರಿಸಿತು. ಮಿನಿಟ್‌ಮೆನ್ ದಳಗಳ ಕೆಲಸ ಅಲ್ಲಿಗೆ ಮುಗಿಯಿತು. ಮಾಮೂಲಿ ಮಿಲಿಷಿಯಾ ಉಳಿಯಿತು, ಊರಿನಲ್ಲಿ ರಾಜನ ಕಡೆಯವರ ಕೋವಿ ಕಸಿದುಕೊಳ್ಳುವುದು, ಕಾವಲು ಕಾಯುವುದು ಇಂಥ ಕೆಲಸಕ್ಕೆ. ಬ್ರಿಟಿಷ್ ದಂಡು ಒಂದು ಪ್ರದೇಶ ಬಿಟ್ಟು ಮುಂದೆ ಹೋದೊಡನೆ ಅಲ್ಲಿನ ಆಡಳಿತ ಮತ್ತೆ ಇವರ ಕೈಗೆ ಬರುತ್ತಿತ್ತು. ನನ್ನ ಮಟ್ಟಿಗೆ ಯುದ್ಧ ಗೆಲ್ಲಿಸಿದ್ದರಲ್ಲಿ ಈ ಸದ್ದಿಲ್ಲದ ಕೆಲಸದ ಪಾಲು ಲೆಕ್ಸಿಂಗ್ಟನ್‌ಗಿಂತ ದೊಡ್ಡದು.

ಬಯಲಿನಲ್ಲಿ ಸಾಲುಗಟ್ಟಿ ನಿಂತು ಬಯೊನೆಟ್ ಎದುರಿಸುವುದು ಮಾತ್ರ ಇವರಿಂದ ಆಗದ ಮಾತು. 1780ರ ಆಗಸ್ಟ್ 16ರಂದು ದಕ್ಷಿಣ ಕೆರೊಲಿನಾದ ಕ್ಯಾಮ್ಡನ್‌ನಲ್ಲಿ ಅಮೆರಿಕದ ಜನರಲ್ ಹೊರೇಷಿಯೊ ಗೇಟ್ಸ್ ವರ್ಜೀನಿಯಾ ಮತ್ತು ಉತ್ತರ ಕೆರೊಲಿನಾದ ಮಿಲಿಷಿಯಾವನ್ನು ಹಾಗೆಯೇ ನಿಲ್ಲಿಸಿದ. ಹಿಂದಿನ ರಾತ್ರಿ ಅರೆಬೆಂದ ಮಾಂಸ, ರೊಟ್ಟಿ, ಕಾಕಂಬಿ ತಿಂದ ಜನ ಬೇಧಿಯಿಂದ ಸುಸ್ತಾಗಿದ್ದರು. ಬಯೊನೆಟ್ ಕಂಡದ್ದೇ ತಡ, ಬಹುಪಾಲು ಜನ ಒಂದು ಗುಂಡೂ ಹೊಡೆಯದೆ ಓಡಿದರು.

ಐದು ತಿಂಗಳ ನಂತರ, 1781ರ ಜನವರಿ 17ರಂದು, ಅದೇ ದಕ್ಷಿಣ ಕೆರೊಲಿನಾದ ಕೌಪೆನ್ಸ್‌ನಲ್ಲಿ ಅಮೆರಿಕದ ಸೇನಾನಿ ಡೇನಿಯಲ್ ಮಾರ್ಗನ್ ಅಂಥವರನ್ನೇ ಮುಂದೆ ನಿಲ್ಲಿಸಿದ. ಅವರಿಂದ ಕೇಳಿದ್ದು ಇಷ್ಟೇ: ಎರಡು ಮೂರು ಸುತ್ತು ಹೊಡೆಯಿರಿ, ಅಧಿಕಾರಿಗಳಿಗೆ ಗುರಿ ಇಡಿ, ಆಮೇಲೆ ಹಿಂದಕ್ಕೆ ಹೋಗಿ. ಅವರ ಹಿಂದೆ ಪಳಗಿದ ಸೈನಿಕರ ಸಾಲು, ಅದರ ಹಿಂದೆ ಕುದುರೆ ಪಡೆ. ಮಿಲಿಷಿಯಾ ಹಿಂದೆ ಸರಿದದ್ದನ್ನು ಕಂಡ ಬ್ರಿಟಿಷ್ ನಾಯಕ ಟಾರ್ಲ್ಟನ್ ಇವರು ಎಂದಿನಂತೆ ಓಡಿದರೆಂದುಕೊಂಡು ನುಗ್ಗಿದ. ಅವನ ಸುಮಾರು 1,100 ಜನರಲ್ಲಿ ನೂರಕ್ಕೂ ಹೆಚ್ಚು ಮಂದಿ ಸತ್ತರು, ಐನೂರಕ್ಕೂ ಹೆಚ್ಚು ಮಂದಿ ಸೆರೆಸಿಕ್ಕರು. ಎರಡು ತಿಂಗಳ ಮೇಲೆ ಉತ್ತರ ಕೆರೊಲಿನಾದ ಗಿಲ್ಫೋರ್ಡ್‌ನಲ್ಲಿ ಅಮೆರಿಕದ ಜನರಲ್ ನಥಾನಿಯಲ್ ಗ್ರೀನ್ ಇದೇ ಮೂರು ಸಾಲಿನ ಏರ್ಪಾಡು ಮಾಡಿ, ಉತ್ತರ ಕೆರೊಲಿನಾದವರಿಂದ ಎರಡೇ ಸುತ್ತು ಕೇಳಿದ. ಎದುರಿಗಿದ್ದವನು ಕಾರ್ನ್‌ವಾಲಿಸ್, 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನಿಂದ ಅರ್ಧ ರಾಜ್ಯ ಬರೆಸಿಕೊಂಡವನು ಇವನೇ. ಗಿಲ್ಫೋರ್ಡ್ ಮೈದಾನ ಅವನ ಪಾಲಿಗೇ ಉಳಿಯಿತು, ಆದರೆ ಸುಮಾರು 1,900 ಜನರಲ್ಲಿ ನಾಲ್ಕನೆಯ ಒಂದಕ್ಕಿಂತ ಹೆಚ್ಚು ಪಾಲು ಸತ್ತು, ಗಾಯಗೊಂಡು ಬಿದ್ದಿದ್ದರು.