ತಡವಾದದ್ದು ಬಿಲ್, ಕೆಟ್ಟದ್ದು ಮಾತು

ಪ್ರಶ್ನೆ: ನಾನು ಅಕೌಂಟ್ಸ್‌ನಲ್ಲಿದ್ದೇನೆ. ಸೇಲ್ಸ್‌ನ ಸಹೋದ್ಯೋಗಿ ಪ್ರತಿ ತಿಂಗಳೂ ಬಿಲ್ ತಡವಾಗಿ ಕೊಡುತ್ತಾರೆ. ಮೊನ್ನೆ ಆಫೀಸಿನ ವಾಟ್ಸಾಪ್ ಗುಂಪಿನಲ್ಲೇ ಮಾತಿಗೆ ಮಾತು ಬೆಳೆಯಿತು. ಈಗ ಇಬ್ಬರಿಗೂ ಮಾತಿಲ್ಲ. ಇದನ್ನು ಕೆಲಸದ ಜಗಳವಾಗಿಯೇ ಉಳಿಸುವುದು ಹೇಗೆ?

ಉತ್ತರ: ಮೊದಲು ಗುಂಪಿನ ಸಂದೇಶಗಳನ್ನು ಮತ್ತೊಮ್ಮೆ ಓದಿ, ಜಗಳ ಯಾವ ಸಾಲಿನಲ್ಲಿ ದಾರಿ ತಪ್ಪಿತು ಎಂದು ಹುಡುಕಿ. ಹೆಚ್ಚಾಗಿ ಅದು ‘ಯಾವಾಗಲೂ ಇದೇ ಆಯ್ತು’, ‘ನಿಮಗೆ ಜವಾಬ್ದಾರಿಯೇ ಇಲ್ಲ’ ಎಂಬಂಥ ಸಾಲು. ‘3 ಬಿಲ್ ಬಂದಿಲ್ಲ’ ಎಂದರೆ ಉತ್ತರ ಕೊಡಬಹುದು. ‘ಜವಾಬ್ದಾರಿಯಿಲ್ಲ’ ಎಂದರೆ ತಿರುಗಿ ಬೈಯುವುದೊಂದೇ ದಾರಿ. ಕನ್ನಡದಲ್ಲಿ ಇನ್ನೊಂದು ತೊಡಕಿದೆ: ಸಿಟ್ಟಿನಲ್ಲಿ ‘ನೀವು’ ಹೋಗಿ ‘ನೀನು’ ಬಂದರೆ ಬಿಲ್ ಮರೆತುಹೋಗಿ ಆ ಏಕವಚನವೇ ಜಗಳದ ವಿಷಯವಾಗುತ್ತದೆ. ಸಲುಗೆಯಿಂದ ‘ನೀನು’ ಎನ್ನುತ್ತಿದ್ದವರಿಗೆ ಇದ್ದಕ್ಕಿದ್ದಂತೆ ‘ತಾವು’ ಎಂದರೂ ಅಷ್ಟೇ ಚುಚ್ಚುತ್ತದೆ.

ಗುಂಪಿನಲ್ಲಿ ಆದದ್ದಕ್ಕೆ ಗುಂಪಿನಲ್ಲೇ ಒಂದು ಸಾಲು ಬರೆಯಿರಿ: ‘ಮೊನ್ನೆ ಇಲ್ಲಿ ಹಾಗೆ ಬರೆದದ್ದು ನನ್ನ ತಪ್ಪು.’ ಅದರ ಬೆನ್ನಿಗೆ ‘ಆದರೆ’ ಸೇರಿಸಬೇಡಿ, ಸೇರಿಸಿದರೆ ಕ್ಷಮೆ ಹೋಗಿ ಆರೋಪ ಉಳಿಯುತ್ತದೆ. ಬಿಲ್ ವಿಷಯವನ್ನು ಎದುರುಬದುರು ಕೂತು, 15 ನಿಮಿಷದಲ್ಲಿ ಮಾತಾಡಿ. ಮೂರನೆಯವರ ಕೈಲಿ ಹೇಳಿಕಳಿಸುವುದು ಬೇಡ. ನಡುವೆ ಇರುವವರು ತಮ್ಮ ಉಪ್ಪುಖಾರ ಸೇರಿಸದೆ ಬಿಡುವುದಿಲ್ಲ.

ಹೋಗುವಾಗ ಹಿಂದಿನ 3 ತಿಂಗಳ ಪಟ್ಟಿ ಜೊತೆಗಿರಲಿ: ಬಿಲ್ ಸಂಖ್ಯೆ, ಬಿಲ್ ದಿನಾಂಕ, ನಿಮ್ಮ ಕೈ ಸೇರಿದ ದಿನ. ತಡಕ್ಕೆ ಕಾರಣವೇನು ಎಂದು ಕೇಳಿ. ಗ್ರಾಹಕರ ಜಿಎಸ್‌ಟಿ ಸಂಖ್ಯೆ ಸಿಗದಿರಬಹುದು, ಮಾಲು ತಲುಪಿದ ಸಹಿ ಬಾರದಿರಬಹುದು. ಇವು ಸೋಮಾರಿತನವಲ್ಲ, ದಾರಿಯಲ್ಲಿ ಸಿಕ್ಕಿಕೊಂಡ ಕಾಗದ.

ನಿಮ್ಮ ಗಡುವಿನಲ್ಲಿ ಅವರ ಲಾಭವೂ ಇದೆ, ಅದನ್ನು ತೋರಿಸಿ. ಪ್ರತಿ ತಿಂಗಳು ಸಲ್ಲಿಸುವವರಿಗೆ ಜಿಎಸ್‌ಟಿಆರ್-1ರ (ಮಾರಾಟದ ಬಿಲ್‌ಗಳ ಜಿಎಸ್‌ಟಿ ವಿವರಪಟ್ಟಿ) ಕೊನೆಯ ದಿನ ಮುಂದಿನ ತಿಂಗಳ 11. ಅದರಲ್ಲಿ ಬಿಟ್ಟುಹೋದ ಬಿಲ್, 14ರಂದು ಸಿದ್ಧವಾಗುವ ಗ್ರಾಹಕರ ಜಿಎಸ್‌ಟಿಆರ್-2ಬಿಯಲ್ಲಿ (ಅವರಿಗೆ ಸಿಗುವ ತೆರಿಗೆ ಕ್ರೆಡಿಟ್‌ನ ಪಟ್ಟಿ) ಕಾಣುವುದಿಲ್ಲ. ಈ ಕ್ರೆಡಿಟ್, ಅಂದರೆ ಖರೀದಿಯಲ್ಲಿ ಕೊಟ್ಟ ಜಿಎಸ್‌ಟಿಯನ್ನು ತಾನು ಕಟ್ಟಬೇಕಾದ ತೆರಿಗೆಯಿಂದ ಕಳೆಯುವ ಅವಕಾಶ, ಸಿಗದ ಗ್ರಾಹಕ ಫೋನ್ ಮಾಡುವುದು ನಿಮಗಲ್ಲ, ಸೇಲ್ಸ್‌ನವರಿಗೇ.

ಆಮೇಲೆ ಇಬ್ಬರೂ ಒಪ್ಪಿ ದಿನಾಂಕ ಗೊತ್ತುಮಾಡಿ: 5ಕ್ಕೆ ಬಿಲ್, 7ಕ್ಕೆ ಬಾಕಿ ಪಟ್ಟಿ, 8ಕ್ಕೂ ಬಾರದ್ದು ಮ್ಯಾನೇಜರ್‌ಗೆ. ಮೊದಲೇ ಒಪ್ಪಿದ್ದರೆ ಕೊನೆಯದು ಚಾಡಿಯಾಗುವುದಿಲ್ಲ. ಮ್ಯಾನೇಜರ್‌ಗೆ ಬರೆಯುವ ಮೇಲ್‌ನಲ್ಲಿ ಸಹೋದ್ಯೋಗಿಯನ್ನೂ ಸೇರಿಸಿ, ಸಂಖ್ಯೆ-ದಿನಾಂಕ ಮಾತ್ರ ಬರೆಯಿರಿ.

ಆದರೆ ಜಾತಿ ಹಿಡಿದು ನಿಂದಿಸಿದರೆ, ಬೆದರಿಸಿದರೆ ಈ ದಾರಿ ಬೇಡ. ನೇರ ಎಚ್‌ಆರ್‌ಗೆ ಲಿಖಿತ ದೂರು ಕೊಡಿ. ಮಹಿಳೆಗೆ ಲೈಂಗಿಕ ಕಿರುಕುಳವಾದರೆ 2013ರ ಕಾಯ್ದೆಯಿದೆ: 10 ಅಥವಾ ಹೆಚ್ಚು ಜನ ದುಡಿಯುವ ಕಡೆ ಆಂತರಿಕ ಸಮಿತಿ ಇರಲೇಬೇಕು, ಘಟನೆಯಾದ 3 ತಿಂಗಳೊಳಗೆ ಅದಕ್ಕೆ ಲಿಖಿತ ದೂರು ಸಲ್ಲಿಸಬೇಕು.